ಜ್ಞಾನಗಂಗೆಯ ನೆಲದಲ್ಲಿ ವಿಜ್ಞಾನ ಪಾರ್ಕ್: ವಿಶ್ವವಿದ್ಯಾಲಯವೇ ಕಟ್ಟಿ ನಡೆಸಬೇಕೆ?

ಗುಲಬರ್ಗಾ ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಕಲಬುರಗಿಯ ಪೂರ್ವಕ್ಕಿರುವ ಜ್ಞಾನಗಂಗಾ ಆವರಣದ ವಿಸ್ತಾರ ಸುಮಾರು 860 ಎಕರೆ. ರಾಯಚೂರು, ಯಾದಗಿರಿಯ ಕಾಲೇಜುಗಳು ರಾಯಚೂರಿನ ಹೊಸ ವಿಶ್ವವಿದ್ಯಾಲಯಕ್ಕೂ ಬೀದರದವು ಬೀದರ ವಿಶ್ವವಿದ್ಯಾಲಯಕ್ಕೂ ಹೋದವು. ಅವುಗಳ ಜೊತೆ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕವೂ ಹೋಯಿತು. ನೆಲ ಮಾತ್ರ ಉಳಿದಿದೆ. ಅದರಲ್ಲೊಂದು ತುಂಡನ್ನು ವಿಜ್ಞಾನ-ಉದ್ಯಮ ಪಾರ್ಕಿಗೆ, ಅಂದರೆ ಕಂಪನಿಗಳು ಬಾಡಿಗೆಗೆ ಬಂದು ಸಂಶೋಧನೆ ನಡೆಸುವ ಜಾಗಕ್ಕೆ, ಮೀಸಲಿಟ್ಟು, ಕಟ್ಟಡವನ್ನೂ ಆಡಳಿತವನ್ನೂ ವಿಶ್ವವಿದ್ಯಾಲಯವೇ ಇಟ್ಟುಕೊಳ್ಳುವುದು ಸರಿಯೇ? ಎರಡು ವಾದಗಳು ಇಲ್ಲಿವೆ.

ಪರ: ನೆಲ ಮಾರಬೇಡಿ, ದುಡಿಸಿಕೊಳ್ಳಿ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಬಂದ ದಾನದ ಭೂಮಿಯನ್ನು ಮಾರುವಂತಿರಲಿಲ್ಲ. ಕೈಯಲ್ಲಿ ದುಡ್ಡಿಲ್ಲ, ನೆಲ ಬೇಕಾದಷ್ಟಿದೆ ಎಂಬ ಸ್ಥಿತಿಯಲ್ಲಿ ಅವರು ಹಿಡಿದ ದಾರಿ ದೀರ್ಘ ಗುತ್ತಿಗೆ. 1951ರಲ್ಲಿ ಅಲ್ಲಿನ ಸಂಶೋಧನಾ ಪಾರ್ಕ್ ಆರಂಭವಾದದ್ದು ಹಾಗೆ. ನಮ್ಮಲ್ಲಿ ಐಐಟಿ ಮದ್ರಾಸ್ 2010ರಲ್ಲಿ ತನ್ನ ರಿಸರ್ಚ್ ಪಾರ್ಕನ್ನು ತೆರೆದಾಗ ಇನ್ನೊಂದು ಷರತ್ತು ಸೇರಿಸಿತು. ಅಲ್ಲಿ ಬಾಡಿಗೆಗಿರುವ ಕಂಪನಿ ಬರೀ ಬಾಡಿಗೆ ಕಟ್ಟಿದರೆ ಸಾಲದು. ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್, ಅಧ್ಯಾಪಕರಿಗೆ ಸಂಶೋಧನಾ ಯೋಜನೆ, ಸಲಹಾ ಕೆಲಸ ಕೊಟ್ಟು ಅಂಕ ಗಳಿಸಬೇಕು. ಒಡೆತನ ವಿಶ್ವವಿದ್ಯಾಲಯದ ಕೈಯಲ್ಲಿದ್ದರೆ ಮಾತ್ರ ಇಂಥ ಷರತ್ತು ಹಾಕಲು ಬರುತ್ತದೆ. ನೆಲವನ್ನು ಕೈಗಾರಿಕಾ ಮಂಡಳಿಗೋ ಖಾಸಗಿಯವರಿಗೋ ಒಪ್ಪಿಸಿದ ದಿನವೇ ಆ ಹಿಡಿತ ಹೋಯಿತು.

ಕಲಬುರಗಿಯ ಪಾರ್ಕ್ ಎಂದರೆ ಬೆಂಗಳೂರಿನ ಗಾಜಿನ ಕಟ್ಟಡದ ನಕಲು ಎಂದು ಯಾರಾದರೂ ಅಂದುಕೊಂಡಿದ್ದರೆ ಆ ನಕ್ಷೆಯನ್ನು ಇಂದೇ ಹರಿದು ಹಾಕುವುದು ಲೇಸು. ಇಲ್ಲಿಯ ಬಂಡವಾಳ ತೊಗರಿ, ಸುಣ್ಣಕಲ್ಲು, ನೆಲಕ್ಕೆ ಹಾಸುವ ಫರಸಿ ಕಲ್ಲು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಬಂದಿದೆ. ಆದರೆ ದಾಲ್ ಮಿಲ್ಲಿನ ಒಳಗೆ ತೊಗರಿ ಇಂದಿಗೂ ಹಠಮಾರಿ ಕಾಳು. ಸಿಪ್ಪೆಗೂ ಬೇಳೆಗೂ ನಡುವೆ ಅಂಟಿನ ಪದರ ಇರುವುದರಿಂದ ಎಮರಿ ರೋಲರಿನಲ್ಲಿ (ಒರಟು ಮೈಯ ಉರುಳೆ) ಗೀರಿ, ಎಣ್ಣೆ ಸವರಿ, ನೀರು ಹಾಕಿ, ಬಿಸಿಲಿಗೆ ಹರವಿ, ಮತ್ತೆ ರೋಲರಿಗೆ ಹಾಕಬೇಕು. ನೂರು ಕಿಲೋ ಕಾಳಿನಲ್ಲಿ ಬೇಳೆಯ ಭಾಗವೇ ಸುಮಾರು 85 ಕಿಲೋ ಇದ್ದರೂ ಮಿಲ್ಲಿನಿಂದ ಹೊರಬರುವುದು 70ರಿಂದ 75. ಉಳಿದದ್ದು ನುಚ್ಚು, ಹಿಟ್ಟಾಗಿ ಪಶು ಆಹಾರದ ದರಕ್ಕೆ ಹೋಗುತ್ತದೆ. ದಿನಕ್ಕೆ 20 ಟನ್ ಅರೆಯುವ ಮಿಲ್ಲಿಗೆ ಶೇಕಡಾ ಒಂದು ಹೆಚ್ಚು ಬೇಳೆ ಸಿಕ್ಕರೆ ದಿನಕ್ಕೆ 200 ಕಿಲೋ ಲಾಭ. ಕಿಣ್ವ ಬಳಸಿ ಅಂಟು ಸಡಿಲಿಸುವುದು ಸೂಕ್ಷ್ಮಜೀವಿ ವಿಜ್ಞಾನದವರ ಕೆಲಸ, ಆ ವಿಭಾಗ ಆವರಣದಲ್ಲೇ ಇದೆ. ಅದನ್ನು ಬೀಕರಿನಿಂದ ದಿನಕ್ಕೆ ಅರ್ಧ ಟನ್ನಿನ ಪ್ರಾಯೋಗಿಕ ಘಟಕಕ್ಕೆ ಏರಿಸಲು ಜಾಗ ಇಲ್ಲ. ಪಾರ್ಕ್ ಕೊಡಬೇಕಾದದ್ದು ಆ ಜಾಗ.

ಹಾಗಾಗಿ ಮೊದಲ ಹಂತಕ್ಕೆ 20 ಎಕರೆ ಗುರುತಿಸಿ, 30,000 ಚದರ ಅಡಿಯ ಒಂದೇ ಕಟ್ಟಡ ಕಟ್ಟಿದರೆ ಸಾಕು. ಎಡವುವುದು ಬಹುತೇಕ ನೆಲದಲ್ಲೇ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಸಾಮಾನ್ಯ ಪಾಯದ ಮೇಲೆ ಕಟ್ಟಿದರೆ ಎರಡು ಮಳೆಗಾಲದಲ್ಲಿ ನೆಲಹಾಸು ಏಳುತ್ತದೆ, ತೂಕದ ತಕ್ಕಡಿಯ ಮೇಜು ವಾಲುತ್ತದೆ. ಎರೆಮಣ್ಣನ್ನು ಪೂರ್ತಿ ತೆಗೆದು ಮುರಂ ಅಥವಾ ಬಂಡೆಗೆ ಪಾಯ ಇಳಿಸಬೇಕು. ಪದರ ಆಳವಾಗಿದ್ದರೆ ಬುಡದಲ್ಲಿ ಅಗಲವಾಗುವ ಅಂಡರ್‌ರೀಮ್ ಪೈಲನ್ನು ಕನಿಷ್ಠ 3.5 ಮೀಟರ್ ಇಳಿಸಬೇಕು. ಸುತ್ತ ಕಲ್ಲುಹಾಸಿನ ಅಂಚು ಕಟ್ಟಿ, ನೀರಿನ ಪೈಪು ಮತ್ತು ಮರಗಳನ್ನು ಗೋಡೆಯಿಂದ ದೂರ ಇಡಬೇಕು.

ಕಚೇರಿಗೆ ಲೆಕ್ಕ ಹಾಕುವ ಭಾರ ಚದರ ಮೀಟರಿಗೆ 250ರಿಂದ 400 ಕಿಲೋ. ಪ್ರಾಯೋಗಿಕ ಘಟಕ ಬರುವ ನೆಲಮಹಡಿಯನ್ನು 1,000 ಕಿಲೋಗೆ ವಿನ್ಯಾಸ ಮಾಡಬೇಕು, ಆಮೇಲೆ ಬಲಪಡಿಸಲು ಆಗುವುದಿಲ್ಲ. ಮಹಡಿಯ ಎತ್ತರ 4 ಮೀಟರಿಗಿಂತ ಕಡಿಮೆಯಾದರೆ ಪ್ರಯೋಗದ ವಿಷಗಾಳಿ ಹೊರಹಾಕುವ ಹೊಗೆಗೂಡಿನ (ಫ್ಯೂಮ್ ಹುಡ್) ಡಕ್ಟಿಗೆ ದಾರಿ ಇಲ್ಲ. ಆಮ್ಲ ಹರಿಯುವ ಕೊಳವೆ ಬೇರೆಯೇ ಇದ್ದು ತಟಸ್ಥಗೊಳಿಸುವ ಗುಂಡಿಗೆ ಹೋಗಬೇಕು. ಶೌಚಾಲಯದ ಸಾಲಿಗೆ ಸೇರಿಸಿದರೆ ಕೊಳಚೆ ನೀರು ಶುದ್ಧೀಕರಣ ಘಟಕದ ಜೀವಾಣುಗಳು ಸತ್ತು ಇಡೀ ಘಟಕ ನಾರುತ್ತದೆ. ಬೋರಿನ ನೀರು ಗಡಸಾದ್ದರಿಂದ ಮೃದುಗೊಳಿಸದೆ ಬಿಟ್ಟರೆ ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವಿನ ಸುರುಳಿಗೆ ಸುಣ್ಣ ಕಟ್ಟುತ್ತದೆ. ಜೆಸ್ಕಾಂ ವಿದ್ಯುತ್ ಸಂಪರ್ಕ ಎಷ್ಟೇ ಚೆನ್ನಾಗಿದ್ದರೂ ಅರ್ಥಿಂಗ್ ಕೆಟ್ಟರೆ ಉಪಕರಣ ಕೆಟ್ಟಿತು. ಬೇಸಿಗೆಯಲ್ಲಿ ಎರೆಮಣ್ಣು ಬಿರಿದಾಗ ಅರ್ಥಿಂಗ್ ಗುಂಡಿಯ ವಿದ್ಯುತ್ ರೋಧ ಏರುತ್ತದೆ, ಆದ್ದರಿಂದ ಅಳತೆಯನ್ನು ಮೇ ತಿಂಗಳಲ್ಲೇ ತೆಗೆಯಬೇಕು, ಗುತ್ತಿಗೆದಾರ ಆಗಸ್ಟಿನಲ್ಲಿ ತೋರಿಸಿದ ಅಂಕಿ ನಂಬಬಾರದು.

ಹಣದ ಮಾತು. ಚದರ ಅಡಿಗೆ 3,000 ರೂಪಾಯಿ ಹಿಡಿದರೆ ಕಟ್ಟಡಕ್ಕೆ 9 ಕೋಟಿ. ಬಾಡಿಗೆಗೆ ಸಿಗುವುದು ಶೇಕಡಾ 70, ಅಂದರೆ 21,000 ಚದರ ಅಡಿ. ಅಡಿಗೆ ತಿಂಗಳಿಗೆ 25 ರೂಪಾಯಿಯಂತೆ ಪೂರ್ತಿ ತುಂಬಿದರೆ ವರ್ಷಕ್ಕೆ 63 ಲಕ್ಷ, ಶೇಕಡಾ 60 ತುಂಬಿದರೆ 37.8 ಲಕ್ಷ. ಕಾವಲು, ಸ್ವಚ್ಛತೆ, ಲಿಫ್ಟ್, ಜನರೇಟರ್, ಒಬ್ಬ ವ್ಯವಸ್ಥಾಪಕ, ಇಬ್ಬರು ತಂತ್ರಜ್ಞರಿಗೆ ವರ್ಷಕ್ಕೆ 36 ಲಕ್ಷ ಇಟ್ಟುಕೊಂಡರೂ ಕೈ ಕಚ್ಚುವುದಿಲ್ಲ. ಸಾಲ ತೆಗೆದು ಕಟ್ಟುವ ಮಾತು ಬೇಡ. ಮೂಲ ಬಂಡವಾಳ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಂಥ ಅನುದಾನದಿಂದಲೇ ಬರಬೇಕು.

ನಡೆಸಲು ಕಂಪನಿ ಕಾಯ್ದೆಯ 8ನೇ ಕಲಮಿನಡಿ ಲಾಭರಹಿತ ಕಂಪನಿ ಬೇಕು. ಬಾಡಿಗೆ ಆದಾಯದ ಲೆಕ್ಕ ಪುಸ್ತಕ ವಿಶ್ವವಿದ್ಯಾಲಯದ ಪುಸ್ತಕದಿಂದ ಬೇರೆಯಾಗುತ್ತದೆ, ತೆರಿಗೆ ವಿನಾಯಿತಿಗೆ ಅದು ಅಗತ್ಯ. ಬಾಡಿಗೆಯ ಮೇಲೆ ಶೇಕಡಾ 18 ಜಿಎಸ್‌ಟಿ ಬೀಳುತ್ತದೆ, ಅದನ್ನು ಕರಾರಿನಲ್ಲೇ ಬರೆದುಬಿಡಬೇಕು. ಅಧ್ಯಾಪಕರೂ ವಿದ್ಯಾರ್ಥಿಗಳೂ ತೆರೆದ ನವೋದ್ಯಮದಲ್ಲಿ ಸಂಸ್ಥೆ ಶೇಕಡಾ 2ರಿಂದ 9.5ರಷ್ಟು ಪಾಲು ಪಡೆಯಬಹುದು ಎಂದು 2019ರ ರಾಷ್ಟ್ರೀಯ ನಾವೀನ್ಯ ನೀತಿ ಹೇಳುತ್ತದೆ. ಹೊಸಬರಿಂದ ಮೊದಲ ವರ್ಷ ಬಾಡಿಗೆ ಬಿಟ್ಟು ಪಾಲು ಹಿಡಿಯುವುದು ಬುದ್ಧಿವಂತಿಕೆ.

ವಿರೋಧ: ಪಾಠ ಹೇಳುವವರಿಗೆ ಬಾಡಿಗೆ ವಸೂಲಿ ಯಾಕೆ?

ಮೇಲಿನ ಲೆಕ್ಕದಲ್ಲಿ ಎರಡು ಸಾಲು ಇಲ್ಲ. ಒಂದು, ಉಪಕರಣಗಳ ವಾರ್ಷಿಕ ನಿರ್ವಹಣೆ. ಪಾರ್ಕಿನ ಹೃದಯವೇ ಪರೀಕ್ಷಾಲಯ ಎಂದಮೇಲೆ 3 ಕೋಟಿಯ ಉಪಕರಣವಾದರೂ ಬೇಕು. ನಿರ್ವಹಣಾ ಕರಾರಿಗೆ ಬೆಲೆಯ ಶೇಕಡಾ 7 ಹಿಡಿದರೂ 21 ಲಕ್ಷ. ಇನ್ನೊಂದು, ಕಟ್ಟಡದ ದುರಸ್ತಿ ನಿಧಿ. ವರ್ಷಕ್ಕೆ ಶೇಕಡಾ 2ರಂತೆ 18 ಲಕ್ಷ. ಎರಡೂ ಸೇರಿ 39 ಲಕ್ಷ. ಪಾರ್ಕ್ ಪೂರ್ತಿ ತುಂಬಿದರೂ ಖರ್ಚು ಕಳೆದು ಉಳಿಯುವುದು 27 ಲಕ್ಷ, ಶೇಕಡಾ 60 ತುಂಬಿದರೆ 1.8 ಲಕ್ಷ. ಕೊರತೆಯನ್ನು ಪರೀಕ್ಷಾಲಯದ ಶುಲ್ಕ ತುಂಬಬೇಕು ಎಂದರೆ ಗಿರಾಕಿ ಮೊದಲ ದಿನದಿಂದ ಸಾಲು ನಿಲ್ಲಬೇಕು. ಕೇಂಬ್ರಿಡ್ಜಿನಲ್ಲಿ ಟ್ರಿನಿಟಿ ಕಾಲೇಜು 1970ರಲ್ಲಿ ಆರಂಭಿಸಿದ ಪಾರ್ಕೇ ಮೊದಲ ವರ್ಷಗಳಲ್ಲಿ ಆಮೆಯಂತೆ ನಡೆಯಿತು. ಆ ಕಾಲೇಜಿಗೆ ಕಾಯುವಷ್ಟು ಆಸ್ತಿ ಇತ್ತು.

ಗಿರಾಕಿ ಯಾರು? ಸಿಮೆಂಟ್ ಕಾರ್ಖಾನೆಗಳಿಗೆ ಸ್ವಂತ ಪ್ರಯೋಗಾಲಯವಿದೆ. ಕಾಂಕ್ರೀಟ್ ಘನಗಳ 7 ಮತ್ತು 28 ದಿನದ ಪರೀಕ್ಷೆಯನ್ನು ಊರಿನ ಎಂಜಿನಿಯರಿಂಗ್ ಕಾಲೇಜು ಮಾಡಿಕೊಡಬಲ್ಲದು. ಬೇಳೆಯಲ್ಲಿ ಕೀಟನಾಶಕದ ಶೇಷ ನೋಡಿಸಬೇಕಾದ ರಫ್ತುದಾರ ಸಂಜೆ ಪಾರ್ಸಲ್ ಹಾಕಿದರೆ ಬೆಳಗ್ಗೆ ಹೈದರಾಬಾದ್ ತಲುಪುತ್ತದೆ. ಅವನಿಗೆ ಬೇಕಾದದ್ದು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಮುದ್ರೆ ಇರುವ ವರದಿ, ಅದೂ ವಾರದೊಳಗೆ. ಆ ಮಾನ್ಯತೆ ಯಂತ್ರ ನೋಡಿ ಕೊಡುವಂಥದ್ದಲ್ಲ. ವಿಶ್ಲೇಷಕರ ತರಬೇತಿ ದಾಖಲೆ, ಕಾಲಕಾಲದ ಕ್ಯಾಲಿಬ್ರೇಷನ್, ಬೇರೆ ಪ್ರಯೋಗಾಲಯಗಳೊಂದಿಗೆ ಒಂದೇ ಮಾದರಿಯ ಹೋಲಿಕೆ ಪರೀಕ್ಷೆ, ಪ್ರತಿ ತಪ್ಪಿಗೂ ಲಿಖಿತ ತಿದ್ದುಪಡಿ, ಇಷ್ಟನ್ನೂ ವರ್ಷಗಟ್ಟಲೆ ಅದೇ ಜನ ಮಾಡಬೇಕು. ವಿಶ್ವವಿದ್ಯಾಲಯದಲ್ಲಿ ಉಪಕರಣ ಓಡಿಸುವವರು ಪಿಎಚ್‌ಡಿ ವಿದ್ಯಾರ್ಥಿಗಳು. ಕೈ ಪಳಗುವ ಹೊತ್ತಿಗೆ ಪ್ರಬಂಧ ಒಪ್ಪಿಸಿ ಹೊರಡುತ್ತಾರೆ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆ ಖಾಲಿ ಇಟ್ಟು ಅತಿಥಿ ಉಪನ್ಯಾಸಕರಿಂದ ಪಾಠ ನಡೆಸುತ್ತಿರುವಾಗ ಪರೀಕ್ಷಾಲಯಕ್ಕೆ ಕಾಯಂ ವಿಶ್ಲೇಷಕರನ್ನು ಯಾರು ಮಂಜೂರು ಮಾಡುತ್ತಾರೆ? ಅನುದಾನ ಸಿಮೆಂಟಿಗೆ ಸಿಗುತ್ತದೆ, ಸಂಬಳಕ್ಕೆ ಸಿಗುವುದಿಲ್ಲ. ದ್ರಾವಣದ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರ ಉದ್ಘಾಟನೆಯ ಹೂವಿನ ಹಾರದ ಜೊತೆಗೇ ಒಣಗುವುದು ಈ ಕಾರಣಕ್ಕೆ: ಅದರ ಕೊಳವೆಯಲ್ಲಿ (ಕಾಲಮ್) ಬಫರ್ ದ್ರಾವಣ ಉಳಿದು ಉಪ್ಪು ಕಟ್ಟಿದೆ, ತೊಳೆಯಬೇಕೆಂದು ಗೊತ್ತಿದ್ದವನು ಊರು ಬಿಟ್ಟಿದ್ದಾನೆ.

ತೊಗರಿಯ ಮಾತಿಗೆ ಬಂದರೆ ಎಡವಟ್ಟು ಇನ್ನೂ ಮೂಲದ್ದು. ಸೊರಗು ರೋಗ ತಾಳುವ ಟಿಎಸ್-3ಆರ್ ತಳಿ ಬಂದದ್ದು ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ. ಅದು ರಾಯಚೂರು ಕೃಷಿ ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇರುವುದು ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ. ಪಶು ಆಹಾರದ ಪರಿಣತಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ, ಫರಸಿ ಪಾಲಿಶ್ ಕೆಸರಿನಿಂದ ಇಟ್ಟಿಗೆ ಮಾಡುವ ಪರಿಣತಿ ಸಿವಿಲ್ ವಿಭಾಗಗಳಲ್ಲಿ. ನೆಲ ಒಬ್ಬರದು, ವಿದ್ಯೆ ನಾಲ್ವರದು. ಒಡೆತನ ಒಬ್ಬರಿಗೇ ಎಂದಾಕ್ಷಣ ಉಳಿದವರು ಬಾಡಿಗೆದಾರರಾಗುತ್ತಾರೆ, ಇಲ್ಲವೇ ತಮ್ಮದೇ ಇನ್ನೊಂದು ಪಾರ್ಕಿಗೆ ಅರ್ಜಿ ಹಾಕುತ್ತಾರೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ನೂರಾರು ಎಕರೆ ಇದೆ. ಕಿಣ್ವದ ವಿಧಾನ ಚೆಂದವೇ, ಆದರೆ ಮಿಲ್ಲಿನವನಿಗೆ ಬಿಸಿಲು ಪುಕ್ಕಟೆ. ಕಿಣ್ವಕ್ಕೆ ದುಡ್ಡು ಕೊಡಬೇಕು, ನೆನೆದ ಕಾಳನ್ನು ಮತ್ತೆ ಒಣಗಿಸಲು ಡ್ರೈಯರಿಗೆ ಇಂಧನ ಸುಡಬೇಕು. 200 ಕಿಲೋ ಲಾಭದಿಂದ ಈ ಎರಡನ್ನೂ ಕಳೆದು ತೋರಿಸಿದ ಮೇಲೆ ಮಾತಾಡೋಣ.

ಆಡಳಿತದ ವೇಗವೂ ಹೊಂದುವುದಿಲ್ಲ. ಕುಲಪತಿಯ ಅವಧಿ 4 ವರ್ಷ, ಪಾರ್ಕ್ ಕಾಲೂರಲು 15 ವರ್ಷವಾದರೂ ಬೇಕು. ಮಿತಿ ದಾಟಿದ ಪ್ರತಿ ಖರೀದಿಗೂ ಪಾರದರ್ಶಕ ಖರೀದಿ ಕಾಯ್ದೆಯ ಟೆಂಡರ್. ಲಾಭರಹಿತ ಕಂಪನಿ ಮಾಡಿದರೆ ಈ ಕಾಟ ತಪ್ಪೀತು ಎನ್ನುವವರಿಗೆ ಒಂದು ಮಾತು: ಸರ್ಕಾರಿ ಅನುದಾನ ಹಿಡಿದ ಕಂಪನಿಯ ಬೆನ್ನಿಗೂ ಲೆಕ್ಕಪರಿಶೋಧಕ ಇದ್ದೇ ಇರುತ್ತಾನೆ. ಬಾಡಿಗೆದಾರನ ಕೋಣೆಯ ಏಸಿ ಏಪ್ರಿಲಿನಲ್ಲಿ ಕೆಟ್ಟು ಜುಲೈಯಲ್ಲಿ ದುರಸ್ತಿಯಾದರೆ, 43 ಡಿಗ್ರಿಯಲ್ಲಿ ಅವನು ಬೆಳೆಸಿದ ಸೂಕ್ಷ್ಮಜೀವಿ ಕಲ್ಚರುಗಳು ಸತ್ತಿರುತ್ತವೆ. ಅವನೂ ಹೋಗಿರುತ್ತಾನೆ.

ಖಾಲಿ ಬಿದ್ದ ಕೋಣೆಗೆ ಆಮೇಲೆ ಬರುವವರನ್ನು ಊಹಿಸುವುದು ಕಷ್ಟವಲ್ಲ. ಮೊದಲು ಬ್ಯಾಂಕಿನ ಶಾಖೆ, ಆಮೇಲೆ ಕೋಚಿಂಗ್ ಕೇಂದ್ರ, ಕೊನೆಗೆ ಯಾರದೋ ಗೋದಾಮು. ಹಣಕಾಸು ಅಧಿಕಾರಿಗೆ ಬಾಡಿಗೆ ಬಂದರೆ ಸಾಕು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು, ನೋಂದಣಿಯ ಖರ್ಚು ಬೇಡವೆಂದು 11 ತಿಂಗಳ ಕರಾರು ಬರೆಯುವ ರೂಢಿ ಇಲ್ಲಿಗೂ ಬರುತ್ತದೆ. ಹನ್ನೊಂದು ತಿಂಗಳ ಭರವಸೆಯ ಮೇಲೆ ಯಾವ ಕಂಪನಿಯೂ ಪ್ರಯೋಗಾಲಯ ಹೂಡುವುದಿಲ್ಲ, ಮೇಜು ಕುರ್ಚಿ ಹಾಕಿ ಕೂರುವವರು ಮಾತ್ರ ಬರುತ್ತಾರೆ. ದೀರ್ಘ ಗುತ್ತಿಗೆ ಕೊಟ್ಟರೆ ಇನ್ನೊಂದು ತೊಂದರೆ: ಒಳಬಾಡಿಗೆ. ಕಂಪನಿಯ ಷೇರು ಮಾರಿದರೆ ಕಾಗದದಲ್ಲಿ ಬಾಡಿಗೆದಾರ ಅವನೇ, ಒಳಗೆ ಕೂತವನು ಬೇರೆ. ಮಾಲೀಕತ್ವ ಬದಲಾದರೆ ಗುತ್ತಿಗೆ ರದ್ದು ಎಂಬ ಷರತ್ತಿಲ್ಲದೆ ಒಂದು ಗುಂಟೆಯನ್ನೂ ಕೊಡಬಾರದು. ಷರತ್ತು ಬರೆದರೂ ಖಾಲಿ ಮಾಡಿಸಲು ನ್ಯಾಯಾಲಯದ ಮೆಟ್ಟಿಲು ಹತ್ತುವವರು ಪ್ರಾಧ್ಯಾಪಕರೇ.

ಸ್ಥಳೀಯರಿಗೆ ಉದ್ಯೋಗ ಎಂಬ ಮಾತೂ ಕೇಳಿಬರುತ್ತದೆ. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಟ್ಟ ಮೀಸಲಾತಿ ಶಿಕ್ಷಣ ಸಂಸ್ಥೆ ಮತ್ತು ಸರ್ಕಾರಿ ಹುದ್ದೆಗಳಿಗೆ ಅನ್ವಯ. ಖಾಸಗಿ ಬಾಡಿಗೆದಾರ ಅದಕ್ಕೆ ಬದ್ಧನಲ್ಲ.

9 ಕೋಟಿಯ ಬದಲು ಈಗಿರುವ ವಿಜ್ಞಾನ ಕಟ್ಟಡದಲ್ಲೇ 3,000 ಚದರ ಅಡಿ ತೆರವು ಮಾಡಿ, ತೇವಾಂಶ, ಪ್ರೋಟೀನ್, ಅಫ್ಲಟಾಕ್ಸಿನ್ (ಬೂಷ್ಟಿನ ವಿಷ) ಎಂಬ ಮೂರೇ ಪರೀಕ್ಷೆಗೆ ಮಾನ್ಯತೆ ಪಡೆಯಲಿ. ನಾಲ್ವರು ವಿಶ್ಲೇಷಕರಿಗೆ 5 ವರ್ಷದ ಸಂಬಳ ಮೊದಲೇ ಠೇವಣಿ ಇಡಲಿ. ಕೃಷಿ, ಪಶುವೈದ್ಯ ವಿಶ್ವವಿದ್ಯಾಲಯಗಳೊಂದಿಗೆ ಶುಲ್ಕ ಹಂಚಿಕೆಯ ಕರಾರು ಬರೆಯಲಿ. ವರ್ಷದಲ್ಲಿ ಎಷ್ಟು ಮಾದರಿ ಬಂತು, ಎಷ್ಟು ದಿನದಲ್ಲಿ ವರದಿ ಹೋಯಿತು ಎಂಬ ರಿಜಿಸ್ಟರ್ ತೋರಿಸಿದ ಮೇಲೆ 20 ಎಕರೆಯ ಕಡತ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೆ ಬರಲಿ.