ಚುಕ್ಕಿಗೆ ಅವಕಾಶವಿಲ್ಲ

ನಮ್ಮ ಅಕ್ಕನ ಮಗ ಖಗೋಳ ವಿಜ್ಞಾನ ಓದುತ್ತಾನೆ. ರಜೆಗೆ ಗೌರಿಬಿದನೂರಿಗೆ ಬಂದವನು ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದು ಕೂತಿದ್ದ. ಏನಾಯ್ತೋ ಅಂದೆ. "ಫಿಟ್ಸ್, ಮಾವ" ಅಂದ. ಅಷ್ಟು ಕೇಳಿದ್ದೇ ತಡ, ನಮ್ಮಮ್ಮ ಬೀಗದ ಕೈ ಗೊಂಚಲು ಹಿಡಿದು ಓಡಿ ಬಂದರು.

ಆ ಫಿಟ್ಸ್ ಅಲ್ಲವಂತೆ. ದೂರದರ್ಶಕಗಳು ಕಂಡದ್ದನ್ನು ತುಂಬಿಡುವ ಒಂದು ಬಗೆಯ ಫೈಲ್. 1981ರಿಂದ ಇದೆ. ಅದರ ತಲೆಬರಹದಲ್ಲಿ ಸಾಲಿಗೆ ಸರಿಯಾಗಿ 80 ಅಕ್ಷರ, 36 ಸಾಲಿಗೆ ಒಂದು ಕಟ್ಟು. ರಟ್ಟಿಗೆ ತೂತು ಹೊಡೆದು ಕಂಪ್ಯೂಟರಿಗೆ ಮಾಹಿತಿ ಉಣಿಸುತ್ತಿದ್ದ ಪಂಚ್ ಕಾರ್ಡ್ ಕಾಲದ ಅಳತೆ. ಕಾರ್ಡು ಗುಜರಿಗೆ ಹೋಯ್ತು, ಅಳತೆ ಉಳಿಯಿತು. ಬರೆಯಬಹುದಾದ್ದು ಕಂಪ್ಯೂಟರಿನ ಅಕ್ಷರಗಳಿಗೆ ನಂಬರ್ ಕೊಟ್ಟಿರುವ ಆಸ್ಕಿ ಪಟ್ಟಿಯ 32ರಿಂದ 126ರವರೆಗಿನ 95 ಅಕ್ಷರ ಮಾತ್ರ. ಟ್ಯಾಬ್ ಒತ್ತಿದರೆ ತಪ್ಪು. ಡಿಗ್ರಿಯ ಪುಟಾಣಿ ಸೊನ್ನೆ ಹಾಕಿದರೂ ತಪ್ಪು. ನಮ್ಮ ಹುಡುಗ ಟಿಪ್ಪಣಿಯಲ್ಲಿ "ಮೋಡ ಇತ್ತು" ಅಂತ ಕನ್ನಡದಲ್ಲೇ ಬರೆದಿದ್ದ. ತಪಾಸಣೆಯ ಪ್ರೋಗ್ರಾಂ ಮುಖಕ್ಕೆ ಉಗಿದಿತ್ತು.

"ಖಾಲಿ ಜಾಗ ಬಿಡಬಹುದಾ?"

"ಅದು 32ನೇದು, ಮಾವ. ಎಷ್ಟು ಬೇಕಾದ್ರೂ ಬಿಡಿ."

ಏನೂ ಬರೆಯದಿದ್ದರೆ ಅಡ್ಡಿಯಿಲ್ಲ, ಕನ್ನಡ ಬರೆದರೆ ಅಡ್ಡಿ! ನಮ್ಮೂರ ಪಕ್ಕದ ರೇಡಿಯೊ ವೀಕ್ಷಣಾಲಯ 1976ರಿಂದ ಆಕಾಶಕ್ಕೆ ಕಿವಿಗೊಟ್ಟು ಕೂತಿದೆ. ಹೋಗಲಿ, ತಲೆಬರಹದ ಸಾಲಿನ ಮೊದಲಿಗೆ ಬರುವ ಹೆಸರು ಇದೆಯಲ್ಲ, ಕೀವರ್ಡ್, ಊರಿನ ಹೆಸರನ್ನೇ ಅದು ಮಾಡು ಅಂದೆ. ಇಂಗ್ಲಿಷಲ್ಲಿ 12 ಅಕ್ಷರ ಆಗುತ್ತೆ, ಕೀವರ್ಡ್‌ಗೆ ಎಂಟೇ ಅಂದ. ಕತ್ತರಿಸಿ ನೋಡಿದೆವು. "ಗೌರಿ ಬಿಡ್" ಅಂತ ಉಳಿಯಿತು, ಟೆಂಡರ್ ಕರೆದ ಹಾಗೆ.

ಬಿದ್ದು ಬಿದ್ದು ನಕ್ಕೆ. ನಗಬಾರದಿತ್ತು.

ಮಾರನೇ ದಿನ ಪಹಣಿ ಕೆಲಸಕ್ಕೆ ಸೈಬರ್ ಅಂಗಡಿಗೆ ಹೋದೆ. ಹೆಸರು ತುಂಬಿದ ಕೂಡಲೇ ಕೆಂಪು ಸಾಲು: "ವಿಶೇಷ ಅಕ್ಷರಗಳಿಗೆ ಅವಕಾಶವಿಲ್ಲ." ಯಾವುದಪ್ಪಾ ವಿಶೇಷ? ಇನಿಷಿಯಲ್ ಮುಂದಿನ ಚುಕ್ಕಿ ಅಂದ ಅಂಗಡಿ ಹುಡುಗ. ಚುಕ್ಕಿ ಅಲ್ಲ, ಅದರ ಮುಂದಿನ ಖಾಲಿ ಜಾಗ ಅಂದರು ಕೌಂಟರಿನವರು. ಹೊರಗೆ ಟೀ ಕುಡೀತಿದ್ದ ಬ್ರೋಕರ್ ಮಾತ್ರ, "ಇನಿಷಿಯಲ್ಲೇ ವಿಶೇಷ ಸಾರ್, ಅಪ್ಪನ ಹೆಸರು ಪೂರ್ತಿ ಬಿಡಿಸಿ" ಅಂದ. ಅವನ ಫೀಸು ಬೇರೆ.

ಅಳಿಯನಿಗೆ ಫೋನ್ ಮಾಡಿದೆ. "ಚುಕ್ಕಿಗೆ ನಮ್ಮಲ್ಲಿ ತೊಂದರೆ ಇಲ್ಲ ಮಾವ, ಅದು 46ನೇದು" ಅಂದ. ಕಟ್ಟುನಿಟ್ಟು ಇರಲಿ, ಅವರು ನಂಬರ್ ಸಮೇತ ಹೇಳಿದ್ದಾರಲ್ಲ! ಆಕಾಶದ ಚುಕ್ಕಿ ಲೆಕ್ಕ ಹಾಕುವವರ ಹತ್ತಿರ ನನ್ನ ಹೆಸರಿನ ಚುಕ್ಕಿಗೂ ಜಾಗ ಇದೆ. ಇಲ್ಲಿ ಚುಕ್ಕಿ ತೆಗೆದರೆ ಪಹಣಿಗೆ ತಾಳೆಯಾಗಲ್ಲ, ಇಟ್ಟರೆ ಆಧಾರ್‌ಗೆ ತಾಳೆಯಾಗಲ್ಲ.

ಕೊನೆಗೆ ನೋಟರಿ ಹತ್ತಿರ ಹೋದೆ. ಚುಕ್ಕಿ ಇರುವ ನಾನೂ ಚುಕ್ಕಿ ಇಲ್ಲದ ನಾನೂ ಒಬ್ಬನೇ ಅಂತ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿದೆ. ಸ್ಕ್ಯಾನ್ ಮಾಡಿ ಅಪ್‌ಲೋಡ್ ಒತ್ತಿದ ಅಂಗಡಿ ಹುಡುಗ. ಮತ್ತೆ ಕೆಂಪು ಸಾಲು: "ಫೈಲ್ ಹೆಸರಿನಲ್ಲಿ ವಿಶೇಷ ಅಕ್ಷರವಿದೆ."

ಇಬ್ಬರೂ ಬಗ್ಗಿ ನೋಡಿದೆವು. ಪಿಡಿಎಫ್ ಅನ್ನೋದಕ್ಕೆ ಮುಂಚೆ ಒಂದು ಚುಕ್ಕಿ ಇತ್ತು.