ಹಳದಿ ದಾರದ ಫಾರ್ಮಲ್ ಪ್ಯಾಂಟು

ಇಂಟರ್‌ವ್ಯೂಗೆ ಕರೆದ ಮೇಲ್‌ನ ಕೊನೆಯ ಸಾಲಲ್ಲಿ ಹೀಗಿತ್ತು: ಫಾರ್ಮಲ್ ಉಡುಪು ಕಡ್ಡಾಯ, ಜೀನ್ಸ್ ಹಾಕಿಕೊಂಡು ಬರುವಂತಿಲ್ಲ.

ಬೇರೆ ಊರಿನವರಿಗೆ ಇದು ಮಾಮೂಲಿ ಮಾತು. ನಾನಿರೋದು ಬಳ್ಳಾರಿಯಲ್ಲಿ, ಅದರಲ್ಲೂ ಕೌಲ್ ಬಜಾರಿನಲ್ಲಿ. ನಮ್ಮ ಓಣಿಯಲ್ಲಿ ಕೋಳಿ ಕೂಗುವ ಮೊದಲು ಹೊಲಿಗೆ ಮಷಿನ್ ಕೂಗುತ್ತೆ. ಕಟ್ಟೆ ಮೇಲೆ ಕೂತ ಅಜ್ಜಿಯರ ಕೈಯಲ್ಲಿ ಜಪಮಾಲೆ ಇರೋದಿಲ್ಲ, ಜೀನ್ಸ್ ಪ್ಯಾಂಟಿನ ಉಳಿಕೆ ದಾರ ಕತ್ತರಿಸುವ ಪುಟ್ಟ ಕತ್ತರಿ ಇರುತ್ತೆ. ನಮ್ಮಪ್ಪ ಕಟಿಂಗ್ ಮಾಸ್ಟರ್. ಮೇಲ್ ಓದಿ ಹೇಳಿದಾಗ ಅವರು ಊಟ ಮಾಡ್ತಾ ಇದ್ದರು. ತುತ್ತು ಕೈಯಲ್ಲೇ ನಿಂತಿತು.

"ಜೀನ್ಸ್ ಹಾಕ್ಬಾರ್ದಂತಾ? ನಿನ್ನ ಬಿಕಾಂ ಫೀಸು ಯಾವ್ದ್ರಿಂದ ಕಟ್ಟಿದ್ದು ಅಂತ ಅವರಿಗೆ ಗೊತ್ತೈತಾ?"

ಅವರಿಗೆ ಹೇಗೆ ಗೊತ್ತಿರುತ್ತೆ, ಪಾಪ. ತೋರಣಗಲ್ಲು ಕಡೆಯ ಒಂದು ಕಾರ್ಖಾನೆ ಅದು. ಕೆಲಸ ಅಕೌಂಟ್ಸ್ ಅಸಿಸ್ಟೆಂಟ್‌ದು. ಇಂಟರ್‌ವ್ಯೂಗೆ ಮೂರು ದಿನ ಇತ್ತು. ಕಪಾಟು ತೆಗೆದು ನೋಡಿದೆ. ಏಳು ಪ್ಯಾಂಟು, ಏಳೂ ಜೀನ್ಸ್. ಅದರಲ್ಲಿ ಒಂದು ಕಪ್ಪು ಇತ್ತು. ಮದುವೆ, ತಿಥಿ, ಬ್ಯಾಂಕು ಎಲ್ಲಕ್ಕೂ ನಾನು ಅದನ್ನೇ ಫಾರ್ಮಲ್ ಅಂತ ದಾಟಿಸ್ತಾ ಬಂದಿದ್ದೆ. ಅದಕ್ಕೇ ಇಸ್ತ್ರಿ ಹೊಡೆದು ಮುಂದೆ ಗೆರೆ ಎಳೆದೆ. ಗೆರೆ ಚೆನ್ನಾಗೇ ಬಂತು. ಆದರೆ ಮೊಣಕಾಲ ಹತ್ತಿರ ಪ್ಯಾಂಟು ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು. ಜೀನ್ಸ್ ಬಟ್ಟೆಯಲ್ಲಿ ಸಾಮಾನ್ಯವಾಗಿ ಬಣ್ಣ ಇರೋದು ಉದ್ದಕ್ಕೆ ಹೋಗುವ ಹಾಸಿನ ನೂಲಿಗೆ ಮಾತ್ರ, ಅಡ್ಡ ಹೋಗುವ ಹೊಕ್ಕಿನ ನೂಲು ಬಿಳಿ. ಬಣ್ಣ ಕೂಡ ನೂಲಿನ ಮೇಲ್ಮೈಯಲ್ಲೇ ಜಾಸ್ತಿ ನಿಲ್ಲೋದು. ಎಲ್ಲಿ ತಿಕ್ಕುತ್ತೋ ಅಲ್ಲಿ ಒಳಗಿನ ಬಿಳಿ ಇಣುಕುತ್ತೆ. ಇದೆಲ್ಲ ನನಗೆ ಅಪ್ಪ ಹೇಳಿಕೊಟ್ಟ ಪಾಠ. ಅಮ್ಮನಿಗೆ ಪಾಠ ಬೇಕಿರಲಿಲ್ಲ. "ಯಾವ ಗುಡೀಲಿ ಮಂಡಿ ಊರಿ ಬಂದೀಯಪ್ಪಾ?" ಅಂದಳು.

ಸರಿ, ರೆಡಿಮೇಡ್ ತಗೊಳ್ಳೋಣ ಅಂತ ಬೆಂಗಳೂರು ರೋಡಿಗೆ ಹೋದೆ. ಅಂಗಡಿಯವನು ಒಂದು ಪ್ಯಾಂಟು ಕೊಟ್ಟ. ಅದರೊಳಗೆ ಕಾಲು ಇಳಿಸೋಕೇ ಐದು ನಿಮಿಷ ಬೇಕಾಯಿತು. ಗ್ಯಾಸ್ ಪೈಪಿಗೆ ಕವರ್ ಹಾಕಿದಂತಿತ್ತು. ಟ್ರಯಲ್ ರೂಮಿನಿಂದ ಕಾಲು ಮಡಚದೆ ನಡೆದು ಬಂದೆ.

"ಸೂಪರ್ ಫಿಟ್ಟಿಂಗಣ್ಣಾ. ಇದೇ ಈಗ ನಡೀತಿರೋದು."

"ಕೂರೋಕೆ ಆಗ್ತಿಲ್ಲ."

"ನಿಂತ್ರೆ ಹೀರೋ ಥರ ಕಾಣ್ತೀರಿ."

"ಇಂಟರ್‌ವ್ಯೂ ಕೂತು ಕೊಡ್ಬೇಕಣ್ಣಾ."

ಅವನಿಗೆ ಬೇಜಾರಾಯಿತು. ರೇಟ್ ಚೀಟಿ ನೋಡಿದ ಮೇಲೆ ನನಗೂ ಆಯಿತು.

ಎದುರು ಮನೆಯ ಅಣ್ಣ ಬ್ಯಾಂಕಿನಲ್ಲಿದ್ದಾನೆ. ಅವನು ಕೋಟು ಹಾಕು ಅಂದ. ಬೇಕಾದರೆ ತನ್ನ ಮದುವೆ ಕೋಟು ಕೊಡ್ತೀನಿ ಅಂತಲೂ ಅಂದ. ಏಪ್ರಿಲ್ ತಿಂಗಳು. ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಮ್ಮಲ್ಲೇ ಒಂದು ಮಾತಿದೆ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಕೋಟು ಹಾಕಿಕೊಂಡು ಸರ್ಕಾರಿ ಬಸ್ ಹತ್ತಿದರೆ ತೋರಣಗಲ್ಲಲ್ಲಿ ಇಳಿಯೋದು ನಾನಲ್ಲ, ನನ್ನ ಒಣಗಿದ ಸಂಡಿಗೆ. ಬೇಡ ಅಂದೆ.

ಆಗ ಅಮ್ಮ ಟ್ರಂಕು ತೆಗೆದಳು.

ಮದುವೆ, ಗೃಹಪ್ರವೇಶಗಳಲ್ಲಿ ಮುಯ್ಯಿಗೆ ಬರುವ ಪ್ಯಾಂಟ್ ಪೀಸ್ ನಿಮಗೆ ಗೊತ್ತೇ ಇರುತ್ತೆ. ಅದನ್ನು ಯಾರೂ ಹೊಲಿಸೋದಿಲ್ಲ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕೊಡ್ತಾ ಹೋಗೋದು ಅಷ್ಟೇ. ನಮ್ಮ ಟ್ರಂಕಿನಲ್ಲಿ ಅಂಥವು ಐದಾರು ಇದ್ದವು, ನುಸಿಗುಳಿಗೆ ವಾಸನೆ ಹೊಡೀತಾ. ಒಂದೊಂದರ ಮೇಲೂ ಅಮ್ಮನ ಚೀಟಿ ಇತ್ತು, ಕೊಟ್ಟವರಿಗೇ ವಾಪಸ್ ಹೋಗಬಾರದು ಅಂತ. ಬೂದು ಬಣ್ಣದ್ದೊಂದನ್ನು ಆರಿಸಿದೆ. ಅದು ಮುಂದಿನ ತಿಂಗಳು ಹೊಸಪೇಟೆ ಚಿಕ್ಕಪ್ಪನ ಮನೆ ಮದುವೆಗೆ ಹೋಗಬೇಕಿತ್ತಂತೆ. ಅಮ್ಮ ನಿಟ್ಟುಸಿರು ಬಿಟ್ಟು ಕೊಟ್ಟಳು.

ಬಟ್ಟೆ ಸಿಕ್ಕಿತು, ಮನೆಯಲ್ಲೇ ಕಟಿಂಗ್ ಮಾಸ್ಟರ್, ಇನ್ನೇನು ಅಂದುಕೊಂಡೆ. ಅಪ್ಪ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಒಂದೇ ಪ್ಯಾಂಟಾ?"

ಅವರ ಕಷ್ಟ ಈಗ ಅರ್ಥ ಆಗುತ್ತೆ. ಉದ್ದ ಮೇಜಿನ ಮೇಲೆ ಬಟ್ಟೆಯನ್ನು ಹತ್ತಾರು ಪದರ ಹಾಸಿ, ಕರೆಂಟ್ ಮಷಿನ್ ಹಿಡಿದು ಒಂದೇ ಸಲಕ್ಕೆ ರಾಶಿ ಕಾಲುಗಳನ್ನು ಕತ್ತರಿಸುವ ಮನುಷ್ಯ ಅವರು. ಒಂದೇ ಪದರದ ಬಟ್ಟೆ ಮುಂದೆ ಅವರ ಸ್ಥಿತಿ, ನೂರು ಜನಕ್ಕೆ ಅಡುಗೆ ಮಾಡುವ ಭಟ್ಟರಿಗೆ ಒಂದು ಲೋಟ ಚಹಾ ಕೇಳಿದ ಹಾಗಾಯಿತು. ಕತ್ತರಿ ಹಿಡಿದು ಅರ್ಧ ಗಂಟೆ ಯೋಚನೆ ಮಾಡಿದರು. ಕೊನೆಗೆ ಕತ್ತರಿಸಿದರು. ಕತ್ತರಿಸಿ, "ಹೊಲಿಯೋದು ನನ್ನ ಕೆಲಸ ಅಲ್ಲ" ಅಂದರು.

ಹೊಲಿಯೋದು ಯಾರ ಕೆಲಸ? ಇಲ್ಲಿ ಇನ್ನೊಂದು ತಮಾಷೆ ಇದೆ. ಊರೆಲ್ಲ ಪ್ಯಾಂಟು ಹೊಲಿಯುತ್ತೆ ನಿಜ, ನಮ್ಮ ಓಣಿಯಲ್ಲಿ ಪೂರ್ತಿ ಪ್ಯಾಂಟು ಹೊಲಿಯುವವರು ಮಾತ್ರ ಯಾರೂ ಇಲ್ಲ. ಪೀಸ್ ರೇಟಿನ ಕೆಲಸ. ಒಬ್ಬರು ಜೇಬು, ಒಬ್ಬರು ಜಿಪ್ಪು, ಇನ್ನೊಬ್ಬರು ಸೊಂಟದ ಪಟ್ಟಿ. ನಮ್ಮ ಪಕ್ಕದ ಮನೆಯ ದರ್ಜಿ ಮಾಮ ಇಪ್ಪತ್ತು ವರ್ಷದಿಂದ ಹಿಂದಿನ ಜೇಬು ಒಂದನ್ನೇ ಹೊಲಿದವರು. ಕಣ್ಣು ಮುಚ್ಚಿ ಹೊಲೀತಾರೆ. ಮುಂದಿನ ಜೇಬು ಕೇಳಿದರೆ ಕಣ್ಣು ಬಿಡ್ತಾರೆ. ಆದರೂ, "ನಮ್ಮ ಹುಡುಗ ಇಂಟರ್‌ವ್ಯೂಗೆ ಹೊಂಟಾನೆ ಅಂದ್ರೆ ಬಿಡಾಕಾಗುತ್ತಾ? ನಾಳೆ ರಾತ್ರಿಗೆ ಕೊಡಿಸ್ತೀನಿ ಬಿಡಪಾ" ಅಂದರು. ಮಾತು ಉಳಿಸಿಕೊಂಡರು. ಒಂದೇ ದಿನದಲ್ಲಿ ನನ್ನ ಪ್ಯಾಂಟು ನಾಲ್ಕು ಮನೆ ತಿರುಗಿ, ಇಂಟರ್‌ವ್ಯೂ ಹಿಂದಿನ ರಾತ್ರಿ ಹತ್ತಕ್ಕೆ ಮನೆ ಸೇರಿತು.

ಬಿಡಿಸಿ ನೋಡಿದೆ. ಅಳತೆ ಕರೆಕ್ಟಾಗಿತ್ತು. ಕೂರಬಹುದಿತ್ತು, ಏಳಬಹುದಿತ್ತು. ಆದರೆ ಕಾಲುಗಳ ಉದ್ದಕ್ಕೂ ಜೋಡಿ ಸಾಲಿನ ಹಳದಿ ಹೊಲಿಗೆ. ಬೂದು ಬಟ್ಟೆ ಮೇಲೆ ಅದು ಹೈವೇಗೆ ಪಟ್ಟಿ ಬಳಿದ ಹಾಗೆ ಎದ್ದು ಕಾಣ್ತಿತ್ತು. ಬಲಗಡೆ ಜೇಬಿನೊಳಗೆ ಒಂದು ಗಿಡ್ಡ ಜೇಬು. ಜೇಬಿನ ಮೂಲೆಗಳಿಗೆ ತಾಮ್ರದ ಬಣ್ಣದ ನಾಲ್ಕು ರಿವೆಟ್ಟು, ಅಂದರೆ ಜೀನ್ಸಿಗೆ ಹೊಡೆಯುವ ಪುಟ್ಟ ಲೋಹದ ಮೊಳೆ.

"ಮಾಮ, ಹಳದಿ ದಾರ ಯಾಕೆ?"

"ಮಷಿನ್‌ಗೆ ಅದೇ ಇತ್ತಪಾ. ಯಾವಾಗ್ಲೂ ಅದೇ ಇರ್ತದೆ."

"ರಿವೆಟ್ಟು?"

"ಅದಕ್ಕೆ ದುಡ್ಡು ಬೇಡ. ಜೇಬು ಹರೀಬಾರ್ದು ಅಂತ ನಾನೇ ಹಾಕ್ಸೀನಿ."

ರಿವೆಟ್ಟಿನ ಕಥೆ ಗೊತ್ತಾ? 1873ರಲ್ಲಿ ಅಮೆರಿಕದಲ್ಲಿ ಜೇಕಬ್ ಡೇವಿಸ್ ಅನ್ನೋ ದರ್ಜಿ, ಲೀವೈ ಸ್ಟ್ರಾಸ್ ಅನ್ನೋ ಬಟ್ಟೆ ವ್ಯಾಪಾರಿ ಜೊತೆ ಸೇರಿ ಇದಕ್ಕೆ ಪೇಟೆಂಟ್ ತಗೊಂಡ. ಕೂಲಿ ಕೆಲಸದವರ ಜೇಬು ಪದೇ ಪದೇ ಕಿತ್ತುಹೋಗ್ತಿತ್ತು, ಅದಕ್ಕೆ. ಆ ಗಿಡ್ಡ ಜೇಬು ಸರಪಳಿ ಗಡಿಯಾರ ಇಡೋಕೆ. ನನ್ನ ಹತ್ತಿರ ಗಡಿಯಾರ ಇರಲಿಲ್ಲ. ಜೇಬು ಕಿತ್ತುಹೋಗುವಷ್ಟು ದುಡ್ಡೂ ಇರಲಿಲ್ಲ.

ರಿವೆಟ್ಟು ಬೆಲ್ಟು, ಶರ್ಟಿನ ಗದ್ದಲದಲ್ಲಿ ಮುಚ್ಚಿಹೋಗುತ್ತೆ ಅನ್ನಿ. ಹಳದಿ ದಾರ? ತಮ್ಮನ ಸ್ಕೆಚ್ ಪೆನ್ ಡಬ್ಬಿ ಕಣ್ಣಿಗೆ ಬಿತ್ತು. ಬೂದು ಇರಲಿಲ್ಲ, ಕಪ್ಪು ಇತ್ತು. ಎಡಗಾಲು ಅಮ್ಮ, ಬಲಗಾಲು ನಾನು. ಇಬ್ಬರೂ ಪ್ಯಾಂಟನ್ನು ನೆಲದ ಮೇಲೆ ಹರವಿಕೊಂಡು, ರಂಗೋಲಿಗೆ ಬಣ್ಣ ತುಂಬಿದ ಹಾಗೆ ಒಂದೊಂದೇ ಹೊಲಿಗೆಗೆ ಕಪ್ಪು ಬಳಿದೆವು. ಅಪ್ಪ ಮಲಗಿದ್ದಲ್ಲಿಂದಲೇ, "ಹಳದಿ ಏನು ತಪ್ಪು ಮಾಡಿತ್ತು?" ಅಂದರು. ಮುಗಿದಾಗ ಹನ್ನೆರಡೂವರೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಚೆನ್ನಾಗೇ ಕಂಡಿತು. ಟ್ಯೂಬ್‌ಲೈಟಿನ ಬೆಳಕಲ್ಲಿ ಏನು ಬೇಕಾದರೂ ಚೆನ್ನಾಗಿ ಕಾಣುತ್ತೆ.

ಬೆಳಿಗ್ಗೆ ಅಮ್ಮ ಫೈಲಿಗೆ ಮಾರ್ಕ್ಸ್ ಕಾರ್ಡುಗಳ ಜೊತೆ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡಿಸುವ 371(ಜೆ) ಸರ್ಟಿಫಿಕೇಟೂ ತುರುಕಿದಳು. ಖಾಸಗಿ ಕಂಪನಿಗೆ ಅದು ಬೇಕಿಲ್ಲಮ್ಮ ಅಂದೆ. "ಇರ್ಲಿ, ಅದಕ್ಕೆ ಎಷ್ಟು ಅಲೆದೀವಿ" ಅಂದಳು. ಬಿಳಿ ಶರ್ಟಿನ ಮೇಲೆ ಒಂದು ಟವೆಲ್ ಹೊದಿಸಿದಳು. ಆ ರಸ್ತೆಯಲ್ಲಿ ಅದಿರಿನ ಲಾರಿ ಹಿಂದೆ ಬಸ್ ಹೋದರೆ ಬಿಳಿ ಅನ್ನೋದು ಕಾವಿ ಆಗಿಬಿಡುತ್ತೆ. ಮದುಮಗನ ಹಾಗೆ ಶಾಲು ಹೊದ್ದು, ಕಿಟಕಿಯಿಂದ ದೂರ, ಎರಡೂ ಕೈ ತೊಡೆ ಮೇಲಿಟ್ಟುಕೊಂಡು ಕೂತೆ. ಸುಮಾರು 30 ಕಿಲೋಮೀಟರ್ ದಾರಿ. ಶರ್ಟಿಗೆ ಒಂದು ಚುಕ್ಕೆ ಧೂಳೂ ತಾಗಲಿಲ್ಲ.

ಗೇಟಿನಲ್ಲಿ ಸೆಕ್ಯೂರಿಟಿಯವರು ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಹನ್ನೊಂದು ಜನ ಇದ್ದೆವು. ಒಬ್ಬ ನಿಜಕ್ಕೂ ಕೋಟು ಹಾಕಿಕೊಂಡು ಬಂದು ಗೋಡೆಗೆ ಒರಗಿ ಬೆವರು ಬಸೀತಿದ್ದ. ಒಬ್ಬೊಬ್ಬರಿಗೂ ಒಂದೊಂದು ಹೆಲ್ಮೆಟ್, ಬೆಳಕಿಗೆ ಹೊಳೆಯುವ ಕಿತ್ತಳೆ ಜಾಕೆಟ್, ಮುಂದೆ ಕಬ್ಬಿಣದ ಟೋಪಿ ಇರುವ ಸೇಫ್ಟಿ ಶೂ ಕೊಟ್ಟರು. ಒಳಗೆ ಕಾಲಿಡೋರೆಲ್ಲ ಹಾಕಲೇಬೇಕು. ಜಾಕೆಟ್ಟು ನನಗೆ ತೊಡೆವರೆಗೂ ಬಂತು. ಹನ್ನೊಂದು ಜನ ಒಂದೇ ಥರ, ರಸ್ತೆ ರಿಪೇರಿಗೆ ಬಂದವರ ಹಾಗೆ ಟಕ್ ಟಕ್ ಅಂತ ಒಳಗೆ ಹೋದೆವು. ಕೋಟಿನವನು ಕೋಟಿನ ಮೇಲೆ ಜಾಕೆಟ್ ಹಾಕಿದ್ದ. ಅವನ ಮುಖ ನೋಡೋಕಾಗಲಿಲ್ಲ.

ಆಫೀಸಿನೊಳಗೆ ಹೆಲ್ಮೆಟ್ ಮಾತ್ರ ತೆಗೀರಿ ಅಂದರು. ಎಣ್ಣೆ ಹಚ್ಚಿ ಬಾಚಿದ ಕೂದಲ ಸುತ್ತ ಪಾತ್ರೆ ಇಟ್ಟು ಎತ್ತಿದಂಥ ಗೆರೆ ಬಿದ್ದಿತ್ತು. ಎದುರು ಮೂವರಿದ್ದರು. ಫೈಲು ಕೊಟ್ಟೆ. ನಡುವೆ ಕೂತಿದ್ದ ಹಿರಿಯರು ನನ್ನ ಬಿಕಾಂ ಮಾರ್ಕ್ಸ್ ಕಾರ್ಡು ಎತ್ತಿ ಬೆಳಕಿಗೆ ಹಿಡಿದರು. ಅದರ ಮೇಲೆ ಸ್ಪಷ್ಟವಾಗಿ ಒಂದು ಕರಿ ಹೆಬ್ಬೆರಳು.

"ಏನಪ್ಪಾ, ಬಿಕಾಂ ಮಾಡಿ ಹೆಬ್ಬೆಟ್ಟು ಒತ್ತೀಯಾ?"

ಕೈ ತಿರುಗಿಸಿ ನೋಡಿಕೊಂಡೆ. ಎರಡೂ ಅಂಗೈ ಕಪ್ಪು. ತೊಡೆ ಮೇಲೆ ಕೈ, ಕೈಯಲ್ಲಿ ಬೆವರು, ಬೆವರಿಗೆ ಸ್ಕೆಚ್ ಪೆನ್. ಅದಕ್ಕೆ ಸುಳ್ಳು ಹೊಳೆಯಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ: ಮೇಲ್‌ನ ಕೊನೆಯ ಸಾಲು, ಟ್ರಂಕು, ನಾಲ್ಕು ಮನೆ, ಹಳದಿ ದಾರ. ಮೇಡಮ್ ಒಬ್ಬರು ಬಾಯಿಗೆ ಕರ್ಚೀಫ್ ಅಡ್ಡ ಹಿಡಿದರು. ಹಿರಿಯರು ನಗಲಿಲ್ಲ. "ಹಾಗಾದ್ರೆ ಹೇಳು, ಒಂದು ಜೀನ್ಸಿಗೆ ಎಷ್ಟು ಬಟ್ಟೆ ಬೀಳುತ್ತೆ?" ಅಂದರು.

ಡೆಪ್ರಿಸಿಯೇಷನ್ ಕೇಳಿದ್ದರೆ ತಡವರಿಸ್ತಿದ್ದೆ. ಇದು ನಮ್ಮನೆ ಊಟದ ಹೊತ್ತಿನ ಮಾತು. ಸುಮಾರು ಒಂದೂಕಾಲು ಮೀಟರ್, ಬಟ್ಟೆಯ ಪನ್ನ, ಅಂದರೆ ಅಗಲ, ಕಮ್ಮಿ ಇದ್ದರೆ ಜಾಸ್ತಿ, ಸೈಜುಗಳನ್ನು ಜಾಣತನದಿಂದ ಜೋಡಿಸಿ ಗೆರೆ ಹಾಕಿದರೆ ವೇಸ್ಟು ಕಮ್ಮಿ, ಚಿಂದಿ ಮಾರಿದ ದುಡ್ಡನ್ನೂ ಲೆಕ್ಕಕ್ಕೆ ತಗೋಬೇಕು ಅಂತೆಲ್ಲ ಹೇಳ್ತಾ ಹೋದೆ. ಕಪ್ಪು ಕೈಯನ್ನು ಗಾಳಿಯಲ್ಲಿ ಆಡಿಸ್ತಾನೇ ಹೇಳಿದೆ. ಆಮೇಲೆ ಜಿಎಸ್‌ಟಿ ಬಗ್ಗೆ ಎರಡು ಪ್ರಶ್ನೆ ಕೇಳಿದರು. ಅವುಗಳ ಬಗ್ಗೆ ಇಲ್ಲಿ ಬರೆಯೋದು ಬೇಡ.

ಸಂಜೆ ಓಣಿಗೆ ಬಂದರೆ ಕಟ್ಟೆ ತುಂಬ ಜನ. ಪ್ಯಾಂಟಿಗೆ ಕೈ ಹಾಕಿದ ನಾಲ್ಕೂ ಮನೆಯವರು ಕಾಯ್ತಿದ್ದರು. ಕೆಲಸ ಸಿಗುತ್ತಾ ಅಂತ ಯಾರೂ ಕೇಳಲಿಲ್ಲ. ದರ್ಜಿ ಮಾಮ ಕೇಳಿದ್ದು ಒಂದೇ.

"ಹಿಂದಿನ ಜೇಬು ನೋಡಿದ್ರಾ?"

"ಜಾಕೆಟ್ಟು ಮುಚ್ಚಿತ್ತು, ಮಾಮ."

ಅವರು ಬಹಳ ಹೊತ್ತು ಮಾತಾಡಲಿಲ್ಲ.

ಪ್ಯಾಂಟು ಒಗೆದ ಮೇಲೆ ಕಪ್ಪೆಲ್ಲ ಹೋಗಿ ಹಳದಿ ಮತ್ತೆ ಬಂತು. ತಮ್ಮ ಅದನ್ನು ಕಾಲೇಜಿಗೆ ಹಾಕಿಕೊಂಡು ಹೋದ. ಅವನ ಇಬ್ಬರು ಗೆಳೆಯರು ಪ್ಯಾಂಟ್ ಪೀಸ್ ಹಿಡಿದುಕೊಂಡು, ಇಂಥದ್ದೇ ಬೇಕು ಅಂತ ಬಂದರು. ಅವರ ಮನೆಯಲ್ಲೂ ಟ್ರಂಕು ಇರುತ್ತೆ ಅಲ್ವಾ.

ಮೂರು ವಾರಕ್ಕೆ ನನಗೆ ಕಾಗದ ಬಂತು. ಕೆಲಸ ಸಿಕ್ಕಿತ್ತು. ಯೂನಿಫಾರ್ಮ್ ಅವರೇ ಕೊಡ್ತಾರೆ, ಅಳತೆ ಕಳಿಸಿ ಅಂತ ಬರೆದಿದ್ದರು. ನಾನು ದಪ್ಪ ಜೀನ್ಸ್ ಮೇಲೇ ಟೇಪು ಸುತ್ತಿ ಅಳತೆ ಬರೆದು ಕಳಿಸಿದೆ. ಬಂದ ಪ್ಯಾಂಟು ಸೊಂಟದಲ್ಲಿ ಎರಡಿಂಚು ದೊಗಳೆ. ನಾಳೆ ಬೆಳಿಗ್ಗೆ ಡ್ಯೂಟಿಗೆ ಸೇರಬೇಕು. ರಾತ್ರಿ ಎಂಟಕ್ಕೆ ಅದನ್ನು ಹಿಡಿದುಕೊಂಡು ಪಕ್ಕದ ಮನೆಗೆ ಓಡಿದೆ.

"ಕೂತ್ಕೋ, ಹತ್ತು ನಿಮಿಷದ ಕೆಲಸ" ಅಂದರು ಮಾಮ.

ಕೂರುವ ಮೊದಲು ಮಷಿನ್ ಕಡೆ ಬಗ್ಗಿ ನೋಡಿದೆ. ಹಳದಿ.