ಮನಸ್ಸಿನ ತಪಾಸಣೆ: ಪ್ರಶ್ನೆ ಕೇಳುವವರು ಯಾರು?

ಖಿನ್ನತೆಯನ್ನು ಗುರುತಿಸಲು ಜಗತ್ತಿನ ಹಲವೆಡೆ ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ನೋಡಲು ಬಹಳ ಸರಳ. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಆಸಕ್ತಿ, ಆಯಾಸ ಹೇಗಿದ್ದವು ಎಂಬಂಥ ಒಂಬತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಒಟ್ಟು 27ರಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ಪರೀಕ್ಷೆ. ಭಾಷೆಯೊಂದನ್ನು ಬದಲಿಸಿಕೊಂಡರೆ ಇದು ಯಾವ ಸಮುದಾಯಕ್ಕಾದರೂ ಸಲ್ಲುತ್ತದೆ ಎಂಬ ನಂಬಿಕೆ ಆರೋಗ್ಯ ಕ್ಷೇತ್ರದಲ್ಲಿ ಸಾಮಾನ್ಯವಾಗಿದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ನಡೆದಿರುವ ಕೆಲಸವನ್ನು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಆಲಿಸ್ ಸ್ಪ್ರಿಂಗ್ಸ್ ಭಾಗದ ಮೂಲನಿವಾಸಿ ಗಂಡಸರೊಂದಿಗೆ ಕುಳಿತು, ಈ ಒಂಬತ್ತು ಪ್ರಶ್ನೆಗಳನ್ನು ಅವರು ಮಾತನಾಡುವ ರೀತಿಗೆ ಹೊಂದಿಸಿದ ಸಂಶೋಧಕರು ಅಷ್ಟಕ್ಕೇ ನಿಲ್ಲಲಿಲ್ಲ. ಮೂಲ ಪ್ರಶ್ನಾವಳಿ ಕೇಳದೆ ಬಿಟ್ಟಿದ್ದ ಇನ್ನೂ ಏಳು ಸಂಗತಿಗಳು ಅದಕ್ಕೆ ಸೇರಿದವು: ಕೋಪ, ಸಿಡುಕು, ಅತಿಯಾದ ಚಿಂತೆ, ಆದದ್ದನ್ನೇ ಮತ್ತೆ ಮತ್ತೆ ನೆನೆಯುವುದು, ಮದ್ಯ ಮತ್ತು ಮಾದಕ ವಸ್ತುಗಳ ಬಳಕೆ, ಚೈತನ್ಯ ಕುಗ್ಗಿದ ಭಾವ, ತನ್ನ ಊರು ನೆಲಕ್ಕಾಗಿ ಹಂಬಲ. ಕೊನೆಯದು ನನಗೆ ಬಹಳ ಮುಖ್ಯವೆನಿಸುತ್ತದೆ, ಏಕೆಂದರೆ ನೆಲವನ್ನು ಬಂಧುವೆಂದು ತಿಳಿದವನಿಗೆ ಅದರಿಂದ ದೂರವಿರುವುದೇ ಕಾಯಿಲೆಯ ಬೇರಾಗಿರಬಹುದು, ಆದರೆ ನಿದ್ದೆ ಹಸಿವುಗಳ ಲೆಕ್ಕದಲ್ಲಿ ಆ ಬೇರು ಕಾಣುವುದಿಲ್ಲ. ಹೀಗೆ ಹೊಂದಿಸಿದ ಒಂಬತ್ತು ಪ್ರಶ್ನೆಗಳನ್ನು ಮುಂದೆ ಹತ್ತು ಆರೋಗ್ಯ ಕೇಂದ್ರಗಳ 500 ಜನರ ಮೇಲೆ ಒರೆಹಚ್ಚಿ, 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ಖಿನ್ನತೆ ಇದ್ದವರಲ್ಲಿ ಶೇ. 84ರಷ್ಟು ಮಂದಿಯನ್ನು ಅದು ಗುರುತಿಸಿತು, ಇಲ್ಲದವರಲ್ಲಿ ಶೇ. 77ರಷ್ಟು ಮಂದಿಗೆ ಖಿನ್ನತೆಯಿಲ್ಲವೆಂದು ಸರಿಯಾಗಿ ತೋರಿಸಿತು. ಅಂದರೆ ಖಿನ್ನತೆಯಿಲ್ಲದ ನೂರು ಜನರಲ್ಲಿ ಇಪ್ಪತ್ತಮೂರು ಮಂದಿಗೂ ಗೆರೆ ದಾಟುವಷ್ಟು ಅಂಕ ಬಂದೀತು. ಇಷ್ಟು ಶ್ರದ್ಧೆಯಿಂದ ರೂಪಿಸಿದ ಸಾಧನದ ಮಿತಿಯೇ ಇಷ್ಟಿರುವಾಗ, ಅಂಕವನ್ನೇ ತೀರ್ಪೆಂದು ಹಿಡಿಯುವುದು ಹೇಗೆ?

ಆದರೆ ಪ್ರಶ್ನೆ ಏನೆಂಬುದಕ್ಕಿಂತ ಅದನ್ನು ಕೇಳುವವರು ಯಾರೆಂಬುದು ದೊಡ್ಡದು ಎಂಬುದೇ ನನ್ನ ವಾದ. ಆಸ್ಟ್ರೇಲಿಯಾದಲ್ಲಿ ತಲೆಮಾರುಗಳ ಕಾಲ ಸರ್ಕಾರಿ ಅಧಿಕಾರಿಗಳು ಮೂಲನಿವಾಸಿ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಹೋದರು. ಇದರ ವಿಚಾರಣಾ ವರದಿ 1997ರಲ್ಲಿ ಬಂತು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರುವರಿ 13ರಂದು. ಈ ಚರಿತ್ರೆಯನ್ನು ಮನೆಯಲ್ಲೇ ಕೇಳಿ ಬೆಳೆದ ಬಾಣಂತಿಯ ಮುಂದೆ ಅಪರಿಚಿತ ನರ್ಸ್ ಒಬ್ಬಳು ಹಾಳೆ ಹಿಡಿದು, ‘ನಿನಗೆ ನೀನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ’ ಎಂದು ಕೇಳಿದರೆ, ಹೌದೆಂದರೆ ಮಗು ಕೈತಪ್ಪೀತು ಎಂಬ ಅಂಜಿಕೆಯಿಂದ ಅವಳು ಇಲ್ಲವೆಂದೇ ಹೇಳುತ್ತಾಳೆ. ಹಾಳೆಯ ಮೇಲೆ ಅವಳು ಆರೋಗ್ಯವಂತೆ.

ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದಲ್ಲಿ ಹೆರಿಗೆಯ ಆಸುಪಾಸಿನ ಖಿನ್ನತೆಯನ್ನು ಗುರುತಿಸಲು ಬಳಸುವ ಎಡಿನ್‌ಬರೋ ಪ್ರಶ್ನಾವಳಿಯ ಬದಲಿಗೆ ಮೂಲನಿವಾಸಿ ತಾಯಂದಿರಿಗೆಂದೇ ರೂಪಿಸಿದ ಮಾಪಕದ ಮೊದಲ ಭಾಗದಲ್ಲಿ ಅಂಕವಿದೆ, ಚಿತ್ರಗಳಿವೆ. ಎರಡನೆಯ ಭಾಗ ಬರೀ ಮಾತುಕತೆ: ಬಾಲ್ಯ, ಸಂಬಂಧಗಳು, ಮನೆಯವರ ಆಸರೆ, ಚಿಂತೆಗಳು, ತಾಯಿಗೆ ಬಲವಾಗಿರುವ ಸಂಗತಿಗಳು. ಎರಡನ್ನೂ ಕೂಡಿಸಿ ನೋಡಿದ ಮೇಲಷ್ಟೇ ಅಪಾಯ ಎಷ್ಟೆಂದು ಅಂದಾಜಿಸುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಹಿಡಿಯಲಿ ಬಿಡಿ, ಸುಳ್ಳು ಉತ್ತರಗಳನ್ನು ಬೇಗ ಬೇಗ ಕಲೆಹಾಕಿ ಯಾರಿಗೇನು ಲಾಭ?

ನಮ್ಮಲ್ಲಿಯೂ 30 ದಾಟಿದವರಿಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ಸಿಬ್ಯಾಕ್ ಎಂಬ ಆರೋಗ್ಯ ತಪಾಸಣಾ ನಮೂನೆಯಲ್ಲಿ ಪಿಎಚ್‌ಕ್ಯೂ-9ರ ಮೊದಲ ಎರಡು ಪ್ರಶ್ನೆಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿಗೂ ಬೆಂಗಳೂರಿನ ಬಡಾವಣೆಗೂ ಒಂದೇ ನಮೂನೆ. ಬೆಟ್ಟ 1974ರಲ್ಲಿ ಅಭಯಾರಣ್ಯವಾದ ಮೇಲೆ ಕಾಡಿನೊಳಗಿನ ನೆಲೆಗಳಿಂದ ಎಬ್ಬಿಸಲ್ಪಟ್ಟ ಕುಟುಂಬಗಳ ನೋವನ್ನು ಕೇಳುವ ಸಾಲು ಅದರಲ್ಲಿಲ್ಲ. ಆಸ್ಟ್ರೇಲಿಯಾದ ಆ ಏಳು ಪ್ರಶ್ನೆಗಳನ್ನು ಎತ್ತಿ ತಂದು ಇಲ್ಲಿ ಅಂಟಿಸಿದರೂ ಅದೇ ತಪ್ಪಾಗುತ್ತದೆ. ಸೋಲಿಗರು, ಜೇನುಕುರುಬರು, ಕೊರಗರು ತಮ್ಮ ಕಷ್ಟವನ್ನು ಯಾರ ಬಳಿ, ಹೇಗೆ ಹೇಳಿಕೊಳ್ಳುತ್ತಾರೆಂಬುದನ್ನು ಅವರಿಂದಲೇ ಕೇಳಿ ತಿಳಿದು, ಆ ಸಮುದಾಯಗಳಲ್ಲೇ ಹುಟ್ಟಿ ಬೆಳೆದ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಗೆರೆ ದಾಟಿದವರನ್ನು ಕಳುಹಿಸಲು ಬಸ್ಸಿನಲ್ಲಿ ಹೋಗಿ ಸಂಜೆಯೊಳಗೆ ಮರಳಬಹುದಾದ ಒಂದು ಚಿಕಿತ್ಸಾ ಕೇಂದ್ರವನ್ನು ಮೊದಲು ಖಚಿತಪಡಿಸಿಕೊಂಡು, ಆಮೇಲೆ ನಮೂನೆ ಮುದ್ರಿಸಲಿ.